ನುಂಗದೆ ಉಳಿದ ಗುಳಿಗೆ

ನನ್ನ ಮನೆಯ ಒಳಗೋಡೆಯಲ್ಲಿ, ಕಟ್ಟುವಾಗ ನಾನೇ ಬಿಟ್ಟುಕೊಂಡ ಒಂದು ಪುಟ್ಟ ಮಾಡವಿದೆ. ಈಗಿನ ಮನೆಗಳಲ್ಲಿ ಮಾಡ ಬಿಡುವವರಿಲ್ಲ. ಗೋಡೆಯಲ್ಲಿ ಗೂಡು ಬಿಟ್ಟರೆ ಗೋಡೆ ಸೊರಗುತ್ತದೆ ಎನ್ನುತ್ತಾರೆ ಎಂಜಿನಿಯರುಗಳು. ಇರಬಹುದು. ಆದರೆ ಒಂದು ಆಯುಷ್ಯವೆಲ್ಲ ಮಂದಿಯ ಮನೆ ಕಟ್ಟಿದ ಗೌಂಡಿ ನಾನು, ಮುನವಳ್ಳಿಯಲ್ಲಿ ನನ್ನದೆಂದು ಒಂದೂವರೆ ಖೋಲಿಯ ಮನೆ ಕಟ್ಟಿಕೊಳ್ಳುವಾಗ, ನನ್ನ ಅವ್ವ ದೀಪ ಇಡುತ್ತಿದ್ದಂಥ ಮಾಡವೊಂದು ಬೇಕೇ ಬೇಕೆಂದು ಹಟ ಹಿಡಿದೆ. ಹಟ ಹಿಡಿದವನೂ ನಾನೇ, ಆ ಹಟವನ್ನು ನಡೆಸಿಕೊಟ್ಟವನೂ ನಾನೇ. ಒಬ್ಬನೇ ಇರುವವನಿಗೆ ಇದೊಂದು ಅನುಕೂಲ.

ಆ ಮಾಡದಲ್ಲಿ ದೀಪವಿಲ್ಲ. ಒಂದು ಹಣಿಗೆ, ವಿಭೂತಿಯ ಗಟ್ಟಿ, ಸೈಕಲ್ಲಿನ ಬೀಗದಕೈ, ಮತ್ತು ಕತ್ತರಿಯಿಂದ ಕತ್ತರಿಸಿದ ಬೆಳ್ಳಿಬಣ್ಣದ ಕಾಗದದ ತುಂಡಿನಲ್ಲಿ ಒಂದೇ ಒಂದು ಬಿಳಿಯ ಗುಳಿಗೆ. ಗುಳಿಗೆ ಕಂಡರೆ ನೀವು ಮೊದಲು ಕೇಳುವುದು, ಏನಾಗಿದೆ ನಿಮಗೆ ಎಂದು. ಏನೂ ಆಗಿಲ್ಲ. ಇದು ಆದದ್ದಕ್ಕೆ ಕೊಡುವ ಗುಳಿಗೆಯಲ್ಲ, ಆಗಬಾರದ್ದಕ್ಕೆ ಕೊಟ್ಟ ಗುಳಿಗೆ. ಇದನ್ನು ಕೊಡುವವರೂ, "ದೇವರೇ, ಇದನ್ನು ನುಂಗುವ ದಿನ ಬಾರದಿರಲಿ" ಎಂದುಕೊಂಡೇ ಕೊಡುತ್ತಾರೆ, ಇಸಿದುಕೊಳ್ಳುವವರೂ ಹಾಗೆಂದುಕೊಂಡೇ ಇಸಿದುಕೊಳ್ಳುತ್ತಾರೆ. ಕೊಟ್ಟವರೂ ಪಡೆದವರೂ ಒಂದೇ ಹರಕೆ ಹೊರುವ ವಸ್ತು ಲೋಕದಲ್ಲಿ ಇನ್ನಾವುದಿದೆಯೋ ನನಗೆ ತಿಳಿಯದು.

ಘಟ್ಟದ ಕಾಡಿನಲ್ಲಿ, ನದಿಯ ದಂಡೆಯ ಮೇಲೆ, ಅಣುವಿನಿಂದ ವಿದ್ಯುತ್ತು ತೆಗೆಯುವ ದೊಡ್ಡ ಸ್ಥಾವರವೊಂದಿದೆ. ಅದರ ಆಸುಪಾಸಿನ ಊರೊಂದರಲ್ಲಿ ನಾನು ಇಪ್ಪತ್ತೆರಡು ವರ್ಷ ಇದ್ದೆ. ಸ್ಥಾವರದ ಒಳಗೆ ಏನು ಕುದಿಯುತ್ತದೆ, ಏನು ತಿರುಗುತ್ತದೆ ನನಗೆ ಗೊತ್ತಿಲ್ಲ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನನ್ನು ಒಳಗೆ ಬಿಡುವ ಕಾರಣವೂ ಇರಲಿಲ್ಲ. ಅಲ್ಲಿ ಕೆಲಸಕ್ಕೆ ಬಂದವರ ಮನೆಗಳಿಗೆ, ಅವರ ಮಕ್ಕಳ ಶಾಲೆಗೆ, ಊರಿನ ದವಾಖಾನೆಗೆ ಗೋಡೆ ಏರಿಸಿದವನು ನಾನು, ಏರಿಸಿದ ಗೋಡೆಗೆ ಸಿಮೆಂಟು ಬಳಿದು ಗಿಲಾವು ಮಾಡಿದವನು ನಾನು. ಆ ಗೋಡೆಗಳ ಮೇಲೆ ಇಂದು ಅಂಗೈ ಆಡಿಸಿದರೂ ನಿಮಗೆ ಒಂದು ಉಬ್ಬು ಸಿಗಲಿಕ್ಕಿಲ್ಲ. ಇದನ್ನು ಜಂಬವೆಂದುಕೊಂಡರೂ ಅಡ್ಡಿಯಿಲ್ಲ. ಅಕ್ಷರ ಸಾಲದ ಮನುಷ್ಯ ತನ್ನ ಜಂಬವನ್ನು ಗೋಡೆಯ ಮೇಲೆ ಬರೆಯದೆ ಇನ್ನೆಲ್ಲಿ ಬರೆಯಬೇಕು?

ಗೋಡೆ ನನ್ನದೆಂದೆನಲ್ಲ, ಅದು ಅರ್ಧ ಸುಳ್ಳು. ಗಿಲಾವಿನ ಕೆಲಸ ಒಬ್ಬನದಲ್ಲ. ಸಿಮೆಂಟು ಕಲಸಿ ಬುಟ್ಟಿಯಲ್ಲಿ ಕೊಡುವವನ ಕೈ ತಪ್ಪಿದರೆ ಕರಣಿ ಹಿಡಿದು ಬಳಿಯುವವನ ಕೈ ಏನೂ ಮಾಡಲಾರದು. ನನಗೆ ಕಲಸಿ ಕೊಟ್ಟವನು ಮಲ್ಲೇಶಿ, ರಾಮದುರ್ಗ ತಾಲೂಕಿನ ತೊರಗಲ್ಲಿನವನು. ನಾನು ಮದುವೆಯಾಗಲಿಲ್ಲ, ಅವನು ಆಗಿದ್ದ, ಹೆಂಡತಿ ಶಾಂತವ್ವ ಊರಿನಲ್ಲಿದ್ದಳು, ಇವನು ಮೂರು ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದ. ಉಳಿದ ದಿನಗಳಲ್ಲಿ ನಾವಿಬ್ಬರೂ ಒಂದೇ ಬಾಡಿಗೆ ಖೋಲಿಯಲ್ಲಿ ಒಂದೇ ಒಲೆ ಹಚ್ಚಿ ಉಣ್ಣುತ್ತಿದ್ದೆವು. ನಾನು ರೊಟ್ಟಿ ಬಡಿದರೆ ಅವನು ಪಲ್ಯ ಮಾಡುತ್ತಿದ್ದ. ನನ್ನ ಮಾತು ಕಮ್ಮಿ, ಅವನದು ಜಾಸ್ತಿ. ಅದೂ ಒಂದು ಹದವಾದ ಕಲಸು ಎನ್ನಿ.

ಒಂದು ವರ್ಷ ಆ ಊರಿನಲ್ಲಿ ಅಣಕು ತಾಲೀಮು ನಡೆಯಿತು. ಸ್ಥಾವರದಲ್ಲಿ ಏನಾದರೂ ಅನಾಹುತವಾದರೆ ಮಂದಿ ಹೇಗೆ ಬಾಗಿಲು ಮುಚ್ಚಬೇಕು, ಯಾವ ಬಸ್ಸು ಹತ್ತಬೇಕು ಎಂಬುದರ ಅಭ್ಯಾಸ. ಮೊದಲು ಗುಳಿಗೆಗಳು ದವಾಖಾನೆಯಲ್ಲೇ ಇರುತ್ತಿದ್ದವಂತೆ. ಆ ಸಲ ಮನೆಮನೆಗೂ ಕೊಟ್ಟರು. ನಮ್ಮ ಖೋಲಿಗೆ ಬಂದವರು ಒಬ್ಬ ಎಳೆಯ ವಯಸ್ಸಿನ ಡಾಕ್ಟರಮ್ಮ, ಕೈಯಲ್ಲಿ ಯಾದಿ ಹಿಡಿದುಕೊಂಡು.

"ಮನೆಯಲ್ಲಿ ಎಷ್ಟು ಜನ?"

"ಇಬ್ಬರ್ರೀ," ಎಂದ ಮಲ್ಲೇಶಿ.

"ಇವರು ನಿಮಗೆ ಏನಾಗಬೇಕು? ಅಣ್ಣ? ಭಾವ?"

"ಏನೂ ಆಗಬೇಕಾಗಿಲ್ರೀ. ಅಂವ ಕರಣಿ, ನಾ ಬುಟ್ಟಿ."

ಡಾಕ್ಟರಮ್ಮ ನಕ್ಕು, ಸಂಬಂಧ ಎಂಬ ಕಾಲಮ್ಮಿನ ಮುಂದೆ ಏನು ಬರೆಯುವುದೆಂದು ಪೆನ್ನು ಕಚ್ಚಿ ಯೋಚಿಸಿ, "ಇತರೆ" ಎಂದು ಬರೆದರು. ಬರೆದದ್ದನ್ನು ಬಾಯಿಬಿಟ್ಟು ಓದಿಯೂ ಹೇಳಿದರು. ಮಲ್ಲೇಶಿಗೆ ಆ ಶಬ್ದ ಭಾಳ ಹಿಡಿಸಿತು. ಅಂದಿನಿಂದ ಉಣ್ಣಲು ಕರೆಯುವಾಗ, "ಏ ಇತರೆ, ಬಾರಲೇ," ಎನ್ನುತ್ತಿದ್ದ.

ಎರಡು ಗುಳಿಗೆಗಳಿದ್ದ ತುಂಡನ್ನು ಅವರು ಮುಂದೆ ಚಾಚಿದಾಗ, ಇದು ಏನೆಂದು ಕೇಳಿದೆ. ಅಯೋಡಿನ್ ಎಂದರು. ನನಗೆ ಗೊತ್ತಿದ್ದ ಅಯೋಡಿನ್ ಎಂದರೆ ಗಾಯಕ್ಕೆ ಹಚ್ಚುವ, ಉರಿಯುವ, ಕಂದುಬಣ್ಣದ ಔಷಧ. ಅದನ್ನು ನುಂಗುವುದು ಹೇಗೆಂದು ಹಿಂಜರಿದೆ. "ಹೆದರಬೇಡಿ, ಇದೊಂದು ಬಗೆಯ ಉಪ್ಪು ಅಷ್ಟೇ," ಎಂದರು. ಅಷ್ಟೇ ಅಂದದ್ದು ತಪ್ಪಾಯಿತು. ನಾನು ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡೆ.

"ಉಪ್ಪ ಆದ್ರ ಕೆಳಗ ಇಡ್ರಿ ಮೇಡಮ್. ನಾವು ತಗೋತೇವಿ."

ಅವರಿಗೆ ಅರ್ಥವಾಗಲಿಲ್ಲ. ಗುಳಿಗೆ ಒಲ್ಲೆನೆನ್ನುವವರ ಹೆಸರನ್ನೂ ಬರೆದುಕೊಳ್ಳಬೇಕಿತ್ತೇನೋ, ಪೆನ್ನು ಎತ್ತಿದರು. ಮಲ್ಲೇಶಿ ನಡುವೆ ಬಂದ. "ಅಂವ ಒಲ್ಲೆ ಅನ್ನಾಕ ಹತ್ತಿಲ್ರೀ. ನಮ್ಮ ಕಡೆ ಉಪ್ಪ ಕೈಯಿಂದ ಕೈಗೆ ಕೊಡಾಂಗಿಲ್ಲ. ಕೊಟ್ರ ಜಗಳಾ ಹತ್ತತೈತಿ. ನಿಮಗೂ ಅಂವಗೂ ಯಾಕ್ರೀ ಜಗಳಾ?" ಡಾಕ್ಟರಮ್ಮ ಗುಳಿಗೆಯನ್ನು ಕಟ್ಟೆಯ ಮೇಲಿಟ್ಟರು, ನಾನು ಎತ್ತಿಕೊಂಡೆ, ಸರಕಾರದ ಕೆಲಸವೂ ಆಯಿತು, ನಮ್ಮ ಹಿರಿಯರ ಮಾತೂ ಉಳಿಯಿತು.

ಆಮೇಲೆ ಅವರು ತಿಳಿಸಿ ಹೇಳಿದ್ದು ನನ್ನ ತಲೆಯಲ್ಲಿ ಇಂದಿಗೂ ಅಚ್ಚೊತ್ತಿದಂತಿದೆ. ಗಂಟಲಲ್ಲಿ ಚಿಟ್ಟೆಯ ಆಕಾರದ ಒಂದು ಗ್ರಂಥಿ ಇದೆ. ಅದಕ್ಕೆ ಅಯೋಡಿನ್ ಬೇಕು. ಆದರೆ ಊಟದ ಉಪ್ಪಿನಲ್ಲಿರುವ ಒಳ್ಳೆಯ ಅಯೋಡಿನ್ ಯಾವುದು, ಸ್ಥಾವರ ಕೆಟ್ಟಾಗ ಗಾಳಿಯಲ್ಲಿ ಬರುವ ವಿಷದ ಅಯೋಡಿನ್ ಯಾವುದು ಎಂಬ ಭೇದ ಅದಕ್ಕೆ ತಿಳಿಯುವುದಿಲ್ಲ, ಬಂದದ್ದನ್ನು ಒಳಗೆಳೆದುಕೊಳ್ಳುತ್ತದೆ. ಆದ್ದರಿಂದ ಒಳ್ಳೆಯದನ್ನೇ ಮೊದಲು ಹೊಟ್ಟೆತುಂಬ ಕೊಟ್ಟುಬಿಡುವುದು. ತುಂಬಿದ ಗ್ರಂಥಿಯಲ್ಲಿ ಕೆಟ್ಟದ್ದಕ್ಕೆ ಎಡೆಯಿಲ್ಲ.

"ಅಂದ್ರ ಬಸ್ಸಿನ ಕಿಡಕ್ಯಾಗಿಂದ ಟಾವೆಲ್ ಹಾಕಿ ಸೀಟ ಹಿಡದಂಗ ಅನ್ರಿ," ಎಂದ ಮಲ್ಲೇಶಿ.

"ಹೌದು, ಹಾಗೇ ಅಂತ ತಿಳ್ಕೊಳ್ಳಿ. ಆದರೆ ನಾವು ಹೇಳುವ ತನಕ ನುಂಗಬಾರದು. ಇದು ಗಂಟಲಿನ ಗ್ರಂಥಿಯನ್ನು ಮಾತ್ರ ಕಾಯ್ತದೆ, ಮೈಯನ್ನೆಲ್ಲ ಅಲ್ಲ. ಮಕ್ಕಳಿಗೆ, ಬಸುರಿಯರಿಗೆ ಮುಖ್ಯ; ನಲವತ್ತು ದಾಟಿದವರಿಗೆ ಅಷ್ಟು ಉಪಯೋಗವಿಲ್ಲ."

"ನಮ್ಮ ಗಂಟಲಾ ಹಳೇ ಮಾಡೆಲ್ ಅಂದ್ರಿ," ಎಂದು ಅವನು ನನ್ನ ಕಡೆ ನೋಡಿದ.

ಇನ್ನು ಹೇಳಬೇಕಾದದ್ದನ್ನು ಹೇಳುವಾಗ ನನ್ನ ಮಾತು ನಿಧಾನವಾಗುತ್ತದೆ, ಸಹಿಸಿಕೊಳ್ಳಿ. ಕೆಲವು ತಿಂಗಳ ಮೇಲೆ ನಾನು ಒಂದು ಲಗ್ನಕ್ಕೆಂದು ಊರಿಗೆ ಬಂದು ಮರಳಿದ ಮಾರನೆಯ ದಿನ, ಬೆಳಗಿನ ಹತ್ತು ಗಂಟೆಯ ಹೊತ್ತಿಗೆ, ಸ್ಥಾವರದ ಸೈರನ್ ಕೂಗಿತು. ಅದು ಸೈರನ್ ಸರಿಯಿದೆಯೋ ಇಲ್ಲವೋ ಎಂದು ನೋಡುವ ಪರೀಕ್ಷೆ. ಮೂರು ದಿನ ಮೊದಲೇ ರಿಕ್ಷಾದಲ್ಲಿ ಸಾರಿದ್ದರು, ಕಿರಾಣಿ ಅಂಗಡಿಯ ಬಾಗಿಲಿಗೆ ಕಾಗದ ಅಂಟಿಸಿದ್ದರು. ಸಾರಿದಾಗ ನಾನು ಅಲ್ಲಿರಲಿಲ್ಲ. ಕಾಗದವನ್ನು ಕಂಡಿದ್ದೆ, ನಿಂತು ಅಕ್ಷರ ಅಕ್ಷರ ಕೂಡಿಸಿ ಓದುವುದನ್ನು ನಾಲ್ಕು ಜನ ನೋಡಿಯಾರೆಂದು ಓದಿದವನ ಗತ್ತಿನಲ್ಲಿ ಮುಂದೆ ನಡೆದಿದ್ದೆ. ಮಲ್ಲೇಶಿಯೋ ಜ್ವರ ಬಂದು ಮೂರು ದಿನದಿಂದ ಖೋಲಿಯಲ್ಲಿ ಕಂಬಳಿ ಹೊದ್ದು ಮಲಗಿದ್ದ.

ಗೋಡೆಗೆ ಕಟ್ಟಿದ್ದ ಸಾರುವೆಯ ಮೇಲಿಂದ ನಾನು ಹೇಗೆ ಇಳಿದೆನೋ, ಒಂದು ಮೈಲಿ ಹೇಗೆ ಓಡಿದೆನೋ ನೆನಪಿಲ್ಲ. ಕೈಯಲ್ಲಿ ಕರಣಿ ಹಾಗೇ ಇತ್ತು. ಬಾಗಿಲು ದೂಡಿ, ಟ್ರಂಕು ತೆರೆದು, ತುಂಡಿನಿಂದ ಒಂದು ಗುಳಿಗೆ ಒತ್ತಿ ತೆಗೆದು, ಸಿಮೆಂಟಿನ ಕೈಯಿಂದಲೇ ಅವನ ಸುಡುವ ಅಂಗೈಯಲ್ಲಿಟ್ಟು, "ನುಂಗು," ಎಂದೆ. ಅವನು ಆ ಜ್ವರದಲ್ಲೂ, "ಲೇ, ಉಪ್ಪ ಕೈಯಾಗ ಕೊಟ್ಟಿ," ಎಂದು ನಕ್ಕು ನುಂಗಿದ. ಕಿಟಕಿ ಮುಚ್ಚಿದೆ. ಬಾಗಿಲ ಸಂದಿಗೆ ಹಸಿ ಅರಿವೆ ತುರುಕಿದೆ. ಅವನ ಕಾಲಬುಡದಲ್ಲಿ ಕುಳಿತೆ. ಎರಡನೆಯ ಗುಳಿಗೆ ತುಂಡಿನಲ್ಲೇ ಉಳಿಯಿತು. ನನಗೂ ಒಂದು ಗಂಟಲಿದೆಯೆಂಬುದು, ನಿಮ್ಮಾಣೆ, ನನಗೆ ಹೊಳೆಯಲೇ ಇಲ್ಲ.

ಸ್ವಲ್ಪ ಹೊತ್ತಿಗೆ ಮನೆಯ ಮಾಲೀಕ ಬಾಗಿಲು ಬಡಿದು, "ಅಯ್ಯೋ ಮಾರಾಯ್ರೇ, ಪರೀಕ್ಷೆ ಅದು!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಓಣಿ ಕೂಡಿತು. ಯಾರೋ ಡಾಕ್ಟರಮ್ಮನನ್ನೂ ಕರೆತಂದರು. ಒಂದು ಗುಳಿಗೆಯಿಂದ ಇವರಿಗೇನೂ ಆಗುವುದಿಲ್ಲ ಎಂದು ಅವನ ನಾಡಿ ನೋಡಿ, ನನ್ನ ಕಡೆ ತಿರುಗಿ, "ನೀವು?" ಎಂದರು.

ಬಾಗಿಲಲ್ಲಿ ಇಪ್ಪತ್ತು ಮುಖಗಳು ನಗುತ್ತಿದ್ದವು. ನನ್ನದು ಮರೆತೆ ಎಂದರೆ ಇನ್ನಷ್ಟು ನಗುತ್ತಾರೆ. ತನ್ನ ಜೀವದ ಖಬರಿಲ್ಲದೆ ಇನ್ನೊಬ್ಬ ಗಂಡಸಿಗಾಗಿ ಒಂದು ಮೈಲಿ ಓಡಿ ಬಂದವನೆಂದು ಆ ಮಂದಿಯೆದುರು ಹೇಳಿಕೊಳ್ಳುವುದು ಹೇಗೆ? ನಾನು ಸೆಟೆದು ನಿಂತು, "ನಾ ಮೊದಲ ನುಂಗೇನ್ರಿ. ನುಂಗಿ ಆಮ್ಯಾಲ ಇವಂಗ ಕೊಟ್ಟೇನಿ," ಎಂದೆ. ನನ್ನ ಆಯುಷ್ಯದಲ್ಲಿ ಗೋಡೆಗೆ ಕಮ್ಮಿ ಸಿಮೆಂಟು ಹಾಕಿದವನಲ್ಲ ನಾನು. ಅವತ್ತು ಒಂದು ಮಾತಿಗೆ ಹಾಕಿದೆ. ಟ್ರಂಕಿನ ಮುಂದೆ ನಾನೇನು ಮಾಡಿದೆನೆಂದು ಜ್ವರದಲ್ಲಿ ಕಂಡಿರದ ಮಲ್ಲೇಶಿ ಕಂಬಳಿಯೊಳಗಿಂದ ನನ್ನನ್ನು ಒಮ್ಮೆ ನೋಡಿ ಗೋಡೆಯ ಕಡೆ ಹೊರಳಿದ.

ಜ್ವರ ಬಿಟ್ಟ ಮೇಲೆ ಅವನು ಅದನ್ನೊಂದು ಚಾಷ್ಟಿ ಮಾಡಿದ. ಚಹಾದಂಗಡಿಯಲ್ಲಿ ಕುಳಿತು, "ಇಂವ ಮೊದಲ ತಾ ನುಂಗಿ, ನೀರ ಕುಡದು, ಮೀಸಿ ಒರಸ್ಕೊಂಡು, ಆಮ್ಯಾಲ ಮಲ್ಲೇಶಿ ಜೀವಂತ ಅದಾನೋ ಇಲ್ಲೋ ನೋಡೂಣು ಅಂತ ಬಂದಾನ್ರಿ," ಎನ್ನುವನು. ಎಲ್ಲರೂ ನಗುವರು. ನಗುವಾಗ ಅವನ ಕಣ್ಣು ಮಾತ್ರ ನನ್ನ ಮೇಲಿರುತ್ತಿತ್ತು, ಅಲ್ಲವೆನ್ನು, ಅಲ್ಲವೆನ್ನು ಎಂದು ಕೇಳುವಂತೆ. ಈಗ ತಿಳಿಯುತ್ತದೆ. ಆಗ ನನಗೆ ಕೇಳಿಸಿದ್ದು ನಗು ಮಾತ್ರ. ಮೂರನೆಯ ಸಲವೋ ನಾಲ್ಕನೆಯ ಸಲವೋ, ನಾನು ಚಹಾದ ಕಪ್ಪು ಕುಕ್ಕಿ ಎದ್ದು ನಿಂತೆ.

"ಅವರವರ ಜೀವಾ ಅವರವರ ನೋಡ್ಕೋಬೇಕು. ನೀ ನನಗ ಏನಾಗಬೇಕಲೇ? ಯಾದಿಯೊಳಗ ಬರದಾರಲ್ಲ, ಇತರೆ ಅಂತ. ಇತರೆ ಅಂದ್ರ ಇತರೆ."

ಅವನು ನಗಲಿಲ್ಲ. ಮರುದಿನ ಹಾಸಿಗೆ ಸುತ್ತಿಕೊಂಡು ತೊರಗಲ್ಲಿಗೆ ಹೋದ. ಇನ್ನೊಬ್ಬನ ಕಲಸಿನಲ್ಲಿ ನಾನು ಆರು ತಿಂಗಳು ಗಿಲಾವು ಮಾಡಿದೆ. ಗೋಡೆಗಳೆಲ್ಲ ಬಿರುಕು ಬಿಡುತ್ತಿವೆಯೆಂದು ನನಗೇ ಅನ್ನಿಸಹತ್ತಿತು. ನಾನೂ ಬಿಟ್ಟು ಬಂದೆ. ಇದಕ್ಕೆ ನಾಲ್ಕು ವರ್ಷವಾಯಿತು.

ಉಪ್ಪನ್ನು ಕೈಯಲ್ಲಿ ಕೊಟ್ಟದ್ದರಿಂದ ಹೀಗಾಯಿತೆಂದು ನಂಬಿ ಬಹಳ ದಿನ ನಾನು ನೆಮ್ಮದಿಯಾಗಿದ್ದೆ. ಹಿರಿಯರು ಇಂಥ ಮಾತುಗಳನ್ನು ಮಾಡಿಟ್ಟದ್ದೇ ನನ್ನಂಥವರ ಅನುಕೂಲಕ್ಕಿರಬೇಕು. ತಪ್ಪನ್ನು ಹೊರಲು ಉಪ್ಪಿದೆ, ಬೆಕ್ಕಿದೆ, ಸೀನಿದೆ, ಮನುಷ್ಯ ಹೊರಬೇಕಾಗಿಲ್ಲ. ಆದರೆ ಒಬ್ಬನೇ ಉಣ್ಣುವವನಿಗೆ ಯೋಚಿಸಲು ಬೇಕಾದಷ್ಟು ಹೊತ್ತಿರುತ್ತದೆ. ಖಾಲಿಯಿದ್ದ ಮನುಷ್ಯನೂ ಆ ಗಂಟಲಿನ ಗ್ರಂಥಿಯಂತೆಯೇ, ಅವನಿಗೂ ಭೇದ ತಿಳಿಯದು. ಜೊತೆಗಿದ್ದಷ್ಟೂ ವರ್ಷ ನನ್ನೊಳಗಿನ ಸೀಟಿನ ಮೇಲೆ ಮಲ್ಲೇಶಿ ಟಾವೆಲ್ ಹಾಸಿ ಕುಳಿತಿದ್ದ. ಅವನ ಹರಟೆ, ಅವನ ಗೊರಕೆ, ಪಲ್ಯಕ್ಕೆ ಅವನು ಹಾಕುವ ಮಿತಿಮೀರಿದ ಖಾರ, ಎಲ್ಲ ಸೇರಿ ನನ್ನನ್ನು ತುಂಬಿದ್ದವು. ಅವನು ಎದ್ದು ಹೋದದ್ದೇ ತಡ, ಬಂದು ಕುಳಿತದ್ದೇನು ನೋಡಿ: ಪಕ್ಕದ ಮನೆಯ ನಗು ನನ್ನನ್ನು ಕುರಿತದ್ದೇ ಎಂಬ ಗುಮಾನಿ, ಯಾರಾದರೂ ಊಟಕ್ಕೆ ಕರೆದರೆ ಕನಿಕರದಿಂದ ಕರೆದರೆಂಬ ಉರಿ. ಸ್ಥಾವರದ ಸುತ್ತ ನಕಾಶೆಯ ಮೇಲೆ ವರ್ತುಲ ಎಳೆಯುತ್ತಾರೆ. ಒಳಗಿದ್ದವರನ್ನು ಎಣಿಸುತ್ತಾರೆ, ಬಾಗಿಲಿಗೆ ಬಂದು ಎಷ್ಟು ಜನ ಎಂದು ಕೇಳುತ್ತಾರೆ. ಮುನವಳ್ಳಿ ಯಾವ ವರ್ತುಲದಲ್ಲೂ ಇಲ್ಲ. ಇಲ್ಲಿ ಗಾಳಿ ಒಳ್ಳೆಯದು, ಮಲಪ್ರಭೆಯ ನೀರು ಒಳ್ಳೆಯದು, ಮತ್ತು ನನ್ನ ಬಾಗಿಲಿಗೆ ಬಂದು ಎಣಿಸುವವರು ಯಾರೂ ಇಲ್ಲ.

ಹೋದ ವಾರ ನೆರೆಮನೆಯ ಗಂಗವ್ವ ಬಂದಳು. ಅಂಗನವಾಡಿಯಲ್ಲಿ ಸಹಾಯಕಿ, ಮಾತಿನ ಮಲ್ಲಿ. ತಲೆನೋವಿಗೆ ಗುಳಿಗೆ ಕೇಳುತ್ತ, ನಾನು ಹೇಳುವ ಮೊದಲೇ ಮಾಡಕ್ಕೆ ಕೈಹಾಕಿದಳು.

"ಅದನ್ನ ಮುಟ್ಟಬ್ಯಾಡ!"

"ಅಯ್ಯ ಕಾಕಾರ, ಬಂಗಾರ ಐತೇನ್ರಿ ಇದರಾಗ?" ತುಂಡನ್ನು ಬೆಳಕಿಗೆ ಹಿಡಿದು ಓದಿದಳು. "ಇದರ ತಾರೀಖ ಈ ತಿಂಗಳಿಗೆ ಮುಗದೈತಿ. ಒಗೀರಿ ಅತ್ಲಾಗ. ಯಾವ ಬ್ಯಾನಿಗೆ ಇದು?"

ಯಾಕೋ ಏನೋ, ಹೇಳಿದೆ. ಯಾರಿಗೂ ಹೇಳದ್ದನ್ನು, ತಲೆನೋವಿಗೆ ಗುಳಿಗೆ ಕೇಳಲು ಬಂದವಳಿಗೆ ಮೊದಲಿಂದ ಕಡೆತನಕ ಹೇಳಿದೆ. ಅವಳು ಸೆರಗಿನ ತುದಿ ಕಚ್ಚಿಕೊಂಡು ಕೇಳಿ, "ಅಂದ್ರ ಇದು ನಿಮ್ಮ ಪಾಲಿಂದು. ನೀವು ನುಂಗೇ ಇಲ್ಲ. ಆ ಮಲ್ಲೇಶಣ್ಣಗ ಇದು ಗೊತ್ತಿಲ್ಲೇನ್ರಿ?" ಎಂದಳು.

"ಇಲ್ಲ."

"ಯಪ್ಪಾ, ನಾಕ ವರ್ಷಾತು. ತೊರಗಲ್ಲ ಏನ್ ಕಾಶೀ ಆತೇನ್ರಿ? ರಾಮದುರ್ಗದ ಬಸ್ ದಿನಾ ಹೊಂಟಿರತಾವು."

ಮರುದಿನ ಆ ಬಸ್ಸು ಹತ್ತಿದೆ. ಗುಳಿಗೆ ಅಂಗಿಯ ಕಿಸೆಯಲ್ಲಿತ್ತು. ಏನು ಹೇಳಬೇಕೆಂದು ಹಾದಿಯುದ್ದಕ್ಕೂ ಕೂಡಿಸುತ್ತ ಬಂದೆ. ಕಿರಾಣಿ ಅಂಗಡಿಯ ಆ ಕಾಗದ ಓದುವುದೂ ಇಷ್ಟು ಕಷ್ಟವಾಗುತ್ತಿರಲಿಲ್ಲ. ತೊರಗಲ್ಲಿನ ಕೋಟೆಯ ಗುಡ್ಡದ ಬುಡದಲ್ಲಿ ಅವನ ಮನೆ. ಕಟ್ಟೆಯ ಒಡೆದ ಮೂಲೆಗೆ ತಾನೇ ಕಲಸಿ ತಾನೇ ಬಳಿಯುತ್ತ ಕುಳಿತಿದ್ದ. ಬಳಿಯುವುದು ಅವನಿಗೆ ಎಂದೂ ಒಗ್ಗಲಿಲ್ಲ, ಮೂಲೆ ಸೊಟ್ಟಗಿತ್ತು. ನನ್ನನ್ನು ಕಂಡ, ತಲೆ ಎತ್ತಲಿಲ್ಲ.

"ಯಾರ ಬಂದಾರ್ರೀ?" ಎಂದಳು ಒಳಗಿಂದ ಶಾಂತವ್ವ.

"ಯಾರಿಲ್ಲ. ಇತರೆ," ಎಂದ.

ಅವಳು ಹೊರಬಂದು, "ಅಯ್ಯ, ಈರಪ್ಪಣ್ಣಾರು! ಬರ್ರಿ, ಕುಂಡ್ರಿ," ಎಂದು ಚಾಪೆ ಹಾಸಿ, ನಮ್ಮಿಬ್ಬರ ಮುಖ ನೋಡಿ, ಚಹಾಕ್ಕಿಡುತ್ತೇನೆಂದು ಒಳಗೆ ಹೋದಳು. ನಾನು ಗುಳಿಗೆಯ ತುಂಡನ್ನು ತೆಗೆದು ಅವನ ಮುಂದೆ ಕಟ್ಟೆಯ ಮೇಲಿಟ್ಟೆ.

"ಏನಿದು?"

"ಅವತ್ತಿಂದು. ನಂದು."

ಅವನ ಕೈ ನಿಂತಿತು. "ನುಂಗಿಲ್ಲ?"

"ಇಲ್ಲ."

"ಡಾಕ್ಟರಮ್ಮನ ಮುಂದ ನುಂಗೇನಿ ಅಂದೆಲ್ಲೋ."

"ಅಂದೆ. ಓಡಿ ಬರೂಮುಂದ ನೀ ಒಬ್ಬನ ನೆನಪಾದಿ. ನಂದು ನೆನಪ ಆಗಲಿಲ್ಲ. ಅಷ್ಟ ಮಂದ್ಯಾಗ ಅದನ್ನ ಹೆಂಗ ಹೇಳೂದು?"

ಅವನು ಆ ತುಂಡನ್ನು ಮುಟ್ಟಲಿಲ್ಲ. ಸಿಮೆಂಟಿನ ಬೆರಳುಗಳನ್ನು ಒಂದಕ್ಕೊಂದು ಉಜ್ಜಿದ. ಈಗ ನಗುತ್ತಾನೆ, ಈಗ ನಗುತ್ತಾನೆ ಎಂದು ನಾನು ಕಾದೆ. ಅವನ ಮುಖ ಕೆಂಪೇರಿತು.

"ನಾಕ ವರ್ಷ, ಈರ್ಯಾ. ಉಣ್ಣಾಕ ಕುಂತಾಗೊಮ್ಮೆ ನಿನ್ನ ಬೈದೇನಿ. ತಾ ಮೊದಲ ನುಂಗಿದಾ ಮಗಾ ಅಂತ ಬೈದೇನಿ. ಕಲಸೂದ ಬಿಟ್ಟೆ, ಊರ ಬಿಟ್ಟ ಹೋಗೂದ ಬಿಟ್ಟೆ. ಅಷ್ಟೂ ಬೈಗಳಾ ಸುಳ್ಳಿಗೆ ಬೈದಂಗಾತಲ್ಲೋ? ಈಗ ಅವನ್ನೆಲ್ಲಾ ಎಲ್ಲಿ ಒಯ್ದ ಹಾಕ್ಲಿ?"

"ಮರತಬಿಡು."

"ಮರತಬಿಡು ಅಂತಾನ ಇಂವ! ನೀ ಮೊದಲ ನುಂಗಿದ್ರ ಅದೇನ ದೊಡ್ಡ ಮಾತೋ? ಜೀವಕ್ಕ ಅಂಜದಂವ ಯಾರು? ನನಗ ಹೇಳಲಿಲ್ಲಲ್ಲ, ಇದು ದೊಡ್ಡದು. ಮಂದಿ ಮುಂದ ಬ್ಯಾಡ, ಬಾಗಲಾ ಹಾಕಿದ ಮ್ಯಾಲ ಹೇಳಬೇಕಿಲ್ಲೋ?"

ಸತ್ಯ ಹೇಳಿದರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ. ಹೇಳಿದವನದು ಆಗಬಹುದು. ಕೇಳಿದವನು ಅದುವರೆಗೆ ಹೊತ್ತು ರೂಢಿಯಾಗಿದ್ದ ಭಾರವನ್ನು ಇಳಿಸಿ, ಹೊಸದೊಂದನ್ನು ಹೊರಬೇಕಾಗುತ್ತದೆ. ಶಾಂತವ್ವ ಚಹಾ ತಂದಿಟ್ಟಳು. ಇಬ್ಬರೂ ಕುಡಿದೆವು, ಬೇರೆ ಬೇರೆ ಕಡೆ ನೋಡುತ್ತ. ಕಪ್ಪು ಕೆಳಗಿಟ್ಟು ಅವನು ಗುಳಿಗೆಯನ್ನು ಕರಣಿಯ ತುದಿಯಿಂದ ನನ್ನ ಕಡೆ ಸರಿಸಿದ.

"ತಗೊಂಡ ಹೋಗು. ಹಳೇ ಸಿಟ್ಟ ತಪ್ಪಾತು, ಇನ್ನ ಹೊಸಾದ ಮಾಡ್ಬೇಕು. ಇವತ್ತ ಆಗೂದಲ್ಲ ಅದು. ಅಮಾಸಿಗೆ ಬಾ. ಅಷ್ಟರಾಗ ಮಾಡಿ ಮುಗಿಸಿರತೇನಿ."

ಅಮಾವಾಸ್ಯೆ ಎಂದರೆ ನಮ್ಮ ಕಸುಬಿನವರು ಕರಣಿ ಮುಟ್ಟದ ದಿನ, ತಿಂಗಳಲ್ಲಿ ನಮಗಿರುವ ಒಂದೇ ರಜೆ. ನಾನು ಹೂಂ ಎಂದೆ. ಕಟ್ಟೆಯ ಮೂಲೆ ಸೊಟ್ಟಗಿದೆ ಎಂದು ಹೇಳಬೇಕೆಂದಿದ್ದೆ, ಹೇಳಲಿಲ್ಲ. ಸಂಜೆಯ ಬಸ್ಸಿಗೆ ಮರಳಿದೆ.

ಇವತ್ತಿಗೆ ಅಮಾವಾಸ್ಯೆ ಇನ್ನೂ ಐದು ದಿನ. ಎಂದಿನಂತೆ ಒಂದೇ ತಾಟು ತೊಳೆಯುತ್ತೇನೆ, ಒಂದೇ ಹಾಸಿಗೆ ಹಾಸುತ್ತೇನೆ, ಮನೆಯಲ್ಲಿ ನನ್ನ ಕೆಮ್ಮು ಬಿಟ್ಟರೆ ಬೇರೆ ಸದ್ದಿಲ್ಲ. ಆದರೂ ಗೆಳೆಯರೇ, ಉಣ್ಣಲು ಕುಳಿತಾಗ ಕೈ ತುಸು ತಡೆಯುತ್ತದೆ. ಇದೇ ಹೊತ್ತಿಗೆ ತೊರಗಲ್ಲಿನಲ್ಲೂ ಒಬ್ಬ ಉಣ್ಣಲು ಕುಳಿತಿರುತ್ತಾನೆ, ನನ್ನ ಮೇಲೆ ಸಿಟ್ಟು ಮಾಡಿಕೊಳ್ಳುತ್ತಿರುತ್ತಾನೆ. ಈ ಸಲ ಸುಳ್ಳಿಗಲ್ಲ.